ಬಂಕಿನ ನಂಬರು, ಮನೆಯ ಲೆಕ್ಕ

ನಿಮ್ಮ ಮನೆಯಲ್ಲಿ ಯಾರಾದರೂ ಗೂಡ್ಸ್ ಗಾಡಿ ಓಡಿಸಿ ಸಂಸಾರ ನಡೆಸುತ್ತಿದ್ದರೆ ಈ ಮಾತು ನಿಮಗೆ ಹೊಸದಲ್ಲ. ಇಂದು ಬಾಡಿಗೆ ಎಷ್ಟು ಬಂತು ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಪೆಟ್ರೋಲಿಗೆ ಎಷ್ಟು ಹೋಯಿತು ಎಂದು ಕೇಳಿ ನೋಡಿ. "ಗಾಡಿ ಅಂದ ಮೇಲೆ ಹೋಗುತ್ತೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ತಿಂಗಳ ಕೊನೆಯಲ್ಲಿ ಗಾಡಿಯ ಕಂತಿಗೆ ಹಣ ಸಾಲದೆ ಬಂದಾಗ ಮಕ್ಕಳ ಫೀಸಿಗೆಂದು ಎತ್ತಿಟ್ಟದ್ದನ್ನು, ಚೀಟಿಗೆಂದು ಕೂಡಿಸಿದ್ದನ್ನು ತೆಗೆದು ಕೊಡುವವರು ಮಾತ್ರ ನಾವು.

ನನ್ನ ತಮ್ಮನದು ಪೆಟ್ರೋಲಿನ ಸಣ್ಣ ಪಿಕಪ್. ಜನ ಚೋಟಾ ಹಾಥಿ ಎಂದು ಕರೆಯುತ್ತಾರಲ್ಲ, ಆ ಜಾತಿಯದು. 2021ರ ಗಾಡಿ, ಸೆಕೆಂಡ್ ಹ್ಯಾಂಡಾಗಿ ಸಾಲದ ಮೇಲೆ ಕೊಂಡದ್ದು. ಶಿವಮೊಗ್ಗದ ಎಪಿಎಂಸಿ ಯಾರ್ಡಿನಿಂದ ತರಕಾರಿ ತುಂಬಿಕೊಂಡು ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುತ್ತಾನೆ. ಹೋಗಲು 60 ಕಿಲೋಮೀಟರ್, ಬರಲು 60. ಬರುವಾಗ ಹೆಚ್ಚಾಗಿ ಖಾಲಿ. ಎರಡು ತಿಂಗಳು ಮೇಲಿಂದ ಮೇಲೆ ಕಂತು ತಪ್ಪಿ, ಸಾಲ ಕೊಟ್ಟವರ ಕಡೆಯವರು ಬಾಗಿಲಿಗೆ ಬಂದು ನಿಂತರು. ಆಗ ಅವನ ಹೆಂಡತಿ ನನ್ನಲ್ಲಿಗೆ ಬಂದು, "ಆಪಾ, ಬಾಡಿಗೆ ಕಡಿಮೆಯಾಗಿಲ್ಲ, ಕೈಯಲ್ಲಿ ಮಾತ್ರ ಏನೂ ಉಳಿಯುತ್ತಿಲ್ಲ. ಒಂದು ಸಲ ನೀವು ಲೆಕ್ಕ ನೋಡಿ" ಎಂದಳು.

ಮದ್ರಸಾದಲ್ಲಿ ಕಲಿತು, ಆಮೇಲೆ ಬಿ.ಎ. ಮಾಡಿದ ನನಗೆ ಇಂಜಿನ್ನಿನ ಒಳಹೊರಗು ತಿಳಿಯದು. ಆದರೆ ಲೆಕ್ಕ ತಿಳಿಯುತ್ತದೆ. ವಾರಸುದಾರರಿಗೆ ಆಸ್ತಿ ಹಂಚುವ ಫರಾಯಿಜ್ ಓದಿದವರಿಗೆ ಆರನೇ ಒಂದು, ಎಂಟನೇ ಒಂದು ಎಂಬ ಭಿನ್ನರಾಶಿಗಳು ಬಾಯಿಪಾಠ. ಬಂಕಿನ ಚೀಟಿಗಳನ್ನೆಲ್ಲ ತರಿಸಿ ಹಾಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೆಲವು ತಿಂಗಳಿಂದ ತಮ್ಮ ಸಾದಾ ಪೆಟ್ರೋಲ್ ಬಿಟ್ಟು ದುಬಾರಿಯದನ್ನು ಹಾಕಿಸುತ್ತಿದ್ದ. ಸಾದಾದ್ದು ಲೀಟರಿಗೆ 103 ರೂಪಾಯಿ ಇದ್ದರೆ ಅದು 111. ಕೇಳಿದರೆ, "ಆಪಾ, ಗಾಡಿಯ ಮೈಲೇಜ್ ಬಿದ್ದು ಹೋಗಿದೆ, ಅದಕ್ಕೇ ಪವರ್ ಪೆಟ್ರೋಲ್ ಹಾಕಿಸ್ತಿದ್ದೀನಿ. ಎಷ್ಟು ಹಗುರ ಓಡುತ್ತೆ ಗೊತ್ತಾ?" ಎಂದ.

ಹಗುರ ಓಡಿದರೆ ಅದು ಲೀಟರಿನಲ್ಲಿ ಕಾಣಬೇಕಲ್ಲ?

ಈ ಪವರ್ ಪೆಟ್ರೋಲ್ ಎಂದರೇನು? ಒಂದು ಕಂಪನಿ ಅದಕ್ಕೆ ಪವರ್ ಎಂದು ಹೆಸರಿಟ್ಟಿದೆ, ಇನ್ನೊಂದು ಸ್ಪೀಡ್ ಎಂದಿಟ್ಟಿದೆ, ಮತ್ತೊಂದರದು ಎಕ್ಸ್‌ಪಿ95. ಶಕ್ತಿ, ವೇಗ ಎಂಬ ಹೆಸರು ಕೇಳಿದರೆ ಒಳಗೆ ಏನೋ ಹೆಚ್ಚಿನ ಬಲ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ 95 ಎಂಬುದು ಆಕ್ಟೇನ್ ಸಂಖ್ಯೆ. ನಮ್ಮ ದೇಶದಲ್ಲಿ ಸಾದಾ ಪೆಟ್ರೋಲಿಗೆ ಇದು ಕನಿಷ್ಠ 91 ಇರಬೇಕೆಂಬ ನಿಯಮವಿತ್ತು.

ಇಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿ ಮತ್ತು ಗಾಳಿ ಬೆರೆತು ಒತ್ತಿಕೊಳ್ಳುತ್ತವೆ. ಒತ್ತಿದಾಗ ಬಿಸಿಯೇರುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲಷ್ಟೇ ಅದು ಹತ್ತಿಕೊಂಡು ಹದವಾಗಿ ಉರಿಯಬೇಕು. ಒತ್ತಡ ತಾಳಲಾರದೆ ಒಂದಿಷ್ಟು ತಾನಾಗಿಯೇ ಸಿಡಿದರೆ ಟಕ್ ಟಕ್ ಎಂಬ ಬಡಿತ ಕೇಳುತ್ತದೆ. ಮೆಕ್ಯಾನಿಕ್‌ಗಳು ಅದನ್ನು ನಾಕಿಂಗ್ ಎನ್ನುತ್ತಾರೆ. ಹಾಗೆ ಸಿಡಿಯದೆ ತಾಳಿಕೊಳ್ಳುವ ಗುಣವನ್ನು ಅಳೆಯುವುದೇ ಆಕ್ಟೇನ್ ಸಂಖ್ಯೆ. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಅದು ಪೆಟ್ರೋಲಿನ ಸಬ್ರ್. ಸಹನೆ ಹೆಚ್ಚಿದ ಮಾತ್ರಕ್ಕೆ ತೋಳಿನ ಬಲ ಹೆಚ್ಚಾಗುತ್ತದೆಯೇ? ಹೆಚ್ಚು ಒತ್ತಡದ ಇಂಜಿನ್‌ಗೆ, ಟರ್ಬೋ ಇರುವ ಕೆಲವು ಕಾರುಗಳಿಗೆ ಆ ಸಹನೆ ಬೇಕು. 91ಕ್ಕೆಂದೇ ಮಾಡಿದ ಇಂಜಿನ್‌ಗೆ 95 ಕುಡಿಸಿದರೆ ಮೇಲಿನ ನಾಲ್ಕಕ್ಕೆ ಅಲ್ಲಿ ಕೆಲಸವೇ ಇಲ್ಲ. ದುಬಾರಿ ಪೆಟ್ರೋಲಿನಲ್ಲಿ ಇಂಜಿನ್ ಶುದ್ಧವಾಗಿಡುವ ರಾಸಾಯನಿಕವೂ ಬೆರೆತಿರುತ್ತದೆಂದು ಕಂಪನಿಗಳು ಹೇಳುತ್ತವೆ. ಇರಲಿ. ನಮ್ಮ ಪ್ರಶ್ನೆ ಇದ್ದದ್ದು ಕಿಲೋಮೀಟರಿನದು.

ಅಮೆರಿಕದಲ್ಲಿ ಪಿಕಪ್ ಇಲ್ಲದ ಊರಿಲ್ಲ. ಅಲ್ಲಿನ ಬಂಕುಗಳಲ್ಲಿ 87, 89, 93 ಎಂದು ಮೂರು ದರ್ಜೆ ಬರೆದಿರುತ್ತದೆ. ಅಲ್ಲಿ ಅಳೆಯುವ ಕ್ರಮ ಬೇರೆ, ಅವರ 87 ಹೆಚ್ಚುಕಡಿಮೆ ನಮ್ಮ 91ಕ್ಕೆ ಸಮ. ವಾಹನ ಮಾಲೀಕರ ದೊಡ್ಡ ಸಂಘವಾದ ಎಎಎ 2016ರಲ್ಲಿ 4, 6 ಮತ್ತು 8 ಸಿಲಿಂಡರಿನ ಸಾದಾ ಪೆಟ್ರೋಲಿನ ಗಾಡಿಗಳಿಗೆ ದುಬಾರಿಯದನ್ನು ಹಾಕಿ ಪರೀಕ್ಷಿಸಿತು. ಶಕ್ತಿಯಲ್ಲೂ ಮೈಲೇಜಿನಲ್ಲೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಾಗೆ ಅಗತ್ಯವಿಲ್ಲದೆ ಹಾಕಿಸಿಕೊಂಡು ಅಮೆರಿಕನ್ನರು ಒಂದು ವರ್ಷದಲ್ಲಿ 210 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡರೆಂದು ಅದು ಲೆಕ್ಕ ಹಾಕಿತು. ಮರುವರ್ಷ, ದುಬಾರಿ ಪೆಟ್ರೋಲ್ ಹಾಕಿದರೆ ಒಳ್ಳೆಯದೆಂದು ತಯಾರಕರೇ ಹೇಳುವ ಗಾಡಿಗಳನ್ನು ಆರಿಸಿ ನೋಡಿತು. ಅದರಲ್ಲಿ ಫೋರ್ಡ್ ಎಫ್-150 ಪಿಕಪ್ ಕೂಡ ಇತ್ತು. ಮೈಲೇಜ್ ಸರಾಸರಿ ಏರಿದ್ದು ಶೇಕಡ 2.7. ಬೆಲೆ ಏರುವುದು ಅದಕ್ಕಿಂತ ಎಷ್ಟೋ ಹೆಚ್ಚು.

ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದರೆ, "ಅದು ಅಮೆರಿಕದ ರಸ್ತೆ, ಆಪಾ" ಎಂದು ನಕ್ಕ. ಸರಿ, ತೀರ್ಥಹಳ್ಳಿ ರಸ್ತೆಯಲ್ಲೇ ನೋಡೋಣ ಎಂದೆ.

ಕ್ರಮ ಸುಲಭ, ಶಿಸ್ತು ಬೇಕು ಅಷ್ಟೇ. ಒಂದೇ ಬಂಕು. ಟ್ಯಾಂಕ್ ತುಂಬಿಸುವಾಗ ಪೈಪು ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸುವುದು, ಚಿಲ್ಲರೆ ಸರಿಮಾಡಲು ಇನ್ನೊಂದಿಷ್ಟು ಹಾಕಿಸಬಾರದು. ಎರಡು ದಿನಕ್ಕೊಮ್ಮೆ, ಅಂದರೆ 240 ಕಿಲೋಮೀಟರಿಗೊಮ್ಮೆ, ಮತ್ತೆ ತುಂಬಿಸಿ ಎಷ್ಟು ಲೀಟರ್ ಹಿಡಿಯಿತೆಂದು ಬರೆಯುವುದು. ಹೊರೆ ಆದಷ್ಟೂ ಒಂದೇ ಸಮ. ಸಾದಾದ್ದು ಮೂರು ಸಲ, ಪವರ್ ಮೂರು ಸಲ, ಮತ್ತೆ ಸಾದಾದ್ದು ಮೂರು ಸಲ. ಪೆಟ್ರೋಲ್ ಬದಲಾಯಿಸಿದಾಗಿನ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ತಳದಲ್ಲಿ ಹಳೆಯದು ಉಳಿದಿರುತ್ತದೆ.

ಸಾದಾ ಪೆಟ್ರೋಲ್ ಸರಾಸರಿ 16.9 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 14.2 ಕಿಲೋಮೀಟರ್. ಪವರ್ ಪೆಟ್ರೋಲ್ 16.8, ಅಂದರೆ 14.3. ಎರಡು ದಿನದ ಓಟದಲ್ಲಿ ಉಳಿದದ್ದು 100 ಮಿಲಿಲೀಟರ್, ಸಣ್ಣ ಗ್ಲಾಸಿನ ಒಂದು ಚಹಾದಷ್ಟು! ಅದನ್ನೂ ಉಳಿತಾಯ ಎನ್ನುವಂತಿಲ್ಲ. ಏಕೆಂದರೆ ಸಾದಾ ಪೆಟ್ರೋಲಿನಲ್ಲೇ ಒಮ್ಮೆ 13.8, ಒಮ್ಮೆ 14.6 ಬಂದಿತ್ತು. ಮಳೆ, ಲಾರಿಗಳ ಹಿಂದೆ ನಿಲ್ಲುವುದು, ಆಲೂಗಡ್ಡೆ ಮೂಟೆ ಎರಡು ಹೆಚ್ಚಾಗುವುದು, ಇವೆಲ್ಲ ಅದಕ್ಕಿಂತ ದೊಡ್ಡ ವ್ಯತ್ಯಾಸ ತರುತ್ತವೆ.

ಈಗ ಹಣ ನೋಡಿ. 103 ರೂಪಾಯಿಯ ಜಾಗದಲ್ಲಿ 111 ಕೊಟ್ಟದ್ದು ಗಿಟ್ಟಬೇಕಾದರೆ ಲೀಟರಿಗೆ 15.3 ಕಿಲೋಮೀಟರ್ ಓಡಬೇಕಿತ್ತು. ಓಡಿದ್ದು 14.3. ಸಾದಾದ್ದರಲ್ಲಿ ಕಿಲೋಮೀಟರಿಗೆ 7 ರೂಪಾಯಿ 25 ಪೈಸೆ, ಪವರ್‌ನಲ್ಲಿ 7 ರೂಪಾಯಿ 76 ಪೈಸೆ. ದಿನಕ್ಕೆ 120 ಕಿಲೋಮೀಟರ್, ತಿಂಗಳಿಗೆ 26 ದಿನ ಎಂದರೆ ಸುಮಾರು 1,590 ರೂಪಾಯಿ ಸುಮ್ಮನೆ ಹೋಗುತ್ತಿತ್ತು. ಮಗಳ ಶಾಲೆಯ ಆಟೋಗೆ ಅವರು ತಿಂಗಳಿಗೆ ಕೊಡುವುದು ಇದಕ್ಕಿಂತ ಕಡಿಮೆ. ತಮ್ಮ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿ ನೋಡಿದ. ಏನೂ ಹೇಳಲಿಲ್ಲ. ಗಾಡಿಯ ಹಳೆಯ ಮಾಲೀಕರು ಕೊಟ್ಟಿದ್ದ ಕೈಪಿಡಿ ಸೀಟಿನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೆಯೇ ಇತ್ತು. ಅದರಲ್ಲಿ ಸಾದಾ ಪೆಟ್ರೋಲೇ ಸಾಕೆಂದು ಬರೆದಿತ್ತು.

ಹಾಗಾದರೆ ಅವನ ದೂರು ಸುಳ್ಳೇ? ಅಲ್ಲ. ಅವನ ಹಳೆಯ ಚೀಟಿಗಳ ಪ್ರಕಾರ ಮೊದಲು ಇದೇ ಗಾಡಿ ಲೀಟರಿಗೆ 15 ಓಡುತ್ತಿತ್ತು. ನಡುವೆ ಬದಲಾದದ್ದು ಬಂಕಿನ ಪೆಟ್ರೋಲೇ. ಕಬ್ಬು, ಮುಸುಕಿನ ಜೋಳ, ನುಚ್ಚಕ್ಕಿಯಿಂದ ತೆಗೆದ ಎಥನಾಲನ್ನು ಶೇಕಡ 20ರಷ್ಟು ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಉದ್ದಗಲಕ್ಕೂ ಬಂತು. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಇ10ಕ್ಕೆ ಹೊಂದಿಸಿದ ಹಳೆಯ ನಾಲ್ಕು ಚಕ್ರದ ಗಾಡಿಗಳಲ್ಲಿ ಇದರಿಂದ ಮೈಲೇಜ್ ಶೇಕಡ 6-7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ, ಇ20ಕ್ಕೆ ಹೊಂದಿಸಿದ ಗಾಡಿಗಳಲ್ಲಿ ಶೇಕಡ 1-2, ಉಳಿದವುಗಳಲ್ಲಿ 3-6 ಎಂದಿತು. ತಮ್ಮನ ಗಾಡಿಯಲ್ಲಿ ಇಳಿದದ್ದು ಸುಮಾರು 5. ಅದಕ್ಕೆ ವಯಸ್ಸಾದದ್ದೂ ಸ್ವಲ್ಪ ಸೇರಿರಬಹುದು.

ತಮಾಷೆ ಏನೆಂದರೆ ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು. ಬೆರೆಸಿದಷ್ಟೂ ಸಂಖ್ಯೆ ಮೇಲೇರುತ್ತದೆ, ಮೈಲೇಜ್ ಕೆಳಗಿಳಿಯುತ್ತದೆ. ಸಂಖ್ಯೆ ದೊಡ್ಡದಾದರೆ ಓಟ ಹೆಚ್ಚು ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಈ ಸಂಖ್ಯೆಯ ಹಿಂದೆ ಬಿದ್ದೇ 1920ರ ದಶಕದಿಂದ ಪೆಟ್ರೋಲಿಗೆ ಸೀಸ ಬೆರೆಸಿದರು. ಮಕ್ಕಳ ಮೆದುಳಿಗೆ ಅದು ವಿಷವೆಂದು ಗೊತ್ತಾದ ಮೇಲೂ ಬಿಡಿಸಲು ದಶಕಗಳೇ ಬೇಕಾದವು. ನಮ್ಮಲ್ಲಿ 2000ದಲ್ಲಿ ನಿಂತಿತು. ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

ನಿಮ್ಮವರು ಸೌದಿಯಲ್ಲಿ ಪಿಕಪ್ ಓಡಿಸುತ್ತಿದ್ದರೆ ಅಲ್ಲೂ 91 ಹಸಿರು, 95 ಕೆಂಪು ಎಂದು ಬೇರೆ ಬೇರೆ ಇರುತ್ತವೆ. ಮುಂದಿನ ಸಲ ಫೋನ್ ಮಾಡಿದಾಗ ಗಾಡಿಯ ಕೈಪಿಡಿಯಲ್ಲಿ ಯಾವುದು ಬರೆದಿದೆ ಎಂದು ಕೇಳಿ. ಅಲ್ಲಿ 95 ಎಂದಿದ್ದರೆ ಜಿಪುಣತನ ಬೇಡ, 95ನ್ನೇ ಹಾಕಿಸಲಿ. ಗಾಡಿ ಡೀಸೆಲಿನದಾದರೆ ಈ ಆಕ್ಟೇನ್ ಮಾತೇ ಅದಕ್ಕೆ ಸಂಬಂಧಿಸಿದ್ದಲ್ಲ, ಅದರ ಅಳತೆ ಬೇರೆ. ಹಳೆಯ ಇಂಜಿನ್ ಏರಿನಲ್ಲಿ ಬಡಿದುಕೊಳ್ಳುತ್ತಿದ್ದರೆ ಬಂಕಿಗೆ ಓಡುವ ಮೊದಲು ಮೆಕ್ಯಾನಿಕ್‌ಗೆ ತೋರಿಸುವುದು ಲೇಸು.

ತಮ್ಮ ಸಾದಾ ಪೆಟ್ರೋಲಿಗೆ ಮರಳಿದ. ಜೊತೆಗೆ ವಾರಕ್ಕೊಮ್ಮೆ ಟೈರಿನ ಗಾಳಿ ನೋಡಿಸುವುದು, ಮಾಲು ಇಳಿಸುವಾಗ ಇಂಜಿನ್ ಆಫ್ ಮಾಡುವುದು, ಖಾಲಿ ಬರುವಾಗ ಟಾರ್ಪಾಲನ್ನು ಪಟಪಟ ಹಾರಲು ಬಿಡದೆ ಮಡಿಸಿ ಕಟ್ಟುವುದು ಶುರುವಾಯಿತು. ಆಮೇಲಿನ ಆರು ಸಲದ ಸರಾಸರಿ 14.7 ಬಂದಿದೆ. ಮೂರರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾರೆ. ತಿಂಗಳಿಗೆ ಇನ್ನೊಂದು 770 ರೂಪಾಯಿ ಮಾತ್ರ ಉಳಿಯುತ್ತಿದೆ.

ಈಗ ಲೆಕ್ಕದ ಪುಸ್ತಕ ನನ್ನ ಬಳಿ ಇಲ್ಲ, ಅವನ ಹೆಂಡತಿಯ ಕೈಗೆ ಹೋಗಿದೆ. ಬಂಕಿನ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಾರೀಖಿನ ಪ್ರಕಾರ ಇಟ್ಟಿದ್ದಾಳೆ. ಕಳೆದ ವಾರ ಒಮ್ಮೆಲೇ 13.6 ಬಂದಾಗ, "ಹಿಂದಿನ ಟೈರು ನೋಡಿಸಿ" ಎಂದು ಗಂಡನಿಗೆ ಹೇಳಿದವಳು ಅವಳೇ. ಬಲಗಡೆಯ ಟೈರಿನ ವಾಲ್ವಿನಲ್ಲಿ ಗಾಳಿ ಸೋರುತ್ತಿತ್ತು.