ಕಾದಂಬರಿ ಓದಿದ ಮೇಲೆ ಕೇಳುವ ಪ್ರಶ್ನೆ

ಕಾದಂಬರಿ ಓದುವುದನ್ನು ನಮ್ಮ ಕಡೆಯ ಮನೆಗಳಲ್ಲಿ ಯಾರೂ ಯಾರಿಗೂ ಕಲಿಸಲಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಹಳೆಯ ಮನೆಗಳ ಅಟ್ಟ ಹುಡುಕಿದರೆ, ‘ಸುಧಾ’, ‘ತರಂಗ’ಗಳ ಧಾರಾವಾಹಿ ಹಾಳೆಗಳನ್ನು ಕಿತ್ತು, ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿಟ್ಟ ಪುಸ್ತಕಗಳು ಇಂದಿಗೂ ಸಿಗುತ್ತವೆ. ದಿನಕ್ಕಿಷ್ಟು ಬಾಡಿಗೆ ಎಂದು ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಪತ್ತೇದಾರಿ ಕಾದಂಬರಿಗಳ ಎನ್. ನರಸಿಂಹಯ್ಯ ಎಲ್ಲರೂ ಮನೆಯೊಳಗೆ ಬಂದರು. ಓದಿದವರು ಓದಿ ಸುಮ್ಮನಿರುತ್ತಿರಲಿಲ್ಲ. ಆ ಸೊಸೆ ಹಾಗೆ ಮಾಡಬಾರದಿತ್ತು, ಆ ಗಂಡನಿಗೆ ಬುದ್ಧಿ ಬರಬೇಕಿತ್ತು ಎಂದು ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ವಾದ ಮಾಡುತ್ತಿದ್ದರು. ಪಾಠ ಯೋಜನೆಯಲ್ಲಿ ನಾವು ‘ಪ್ರಶಂಸೆ’, ‘ರಸಗ್ರಹಣ’ ಎಂದು ಬರೆಯುತ್ತೇವಲ್ಲ, ಅದರ ಬೇರು ಈ ಮಾತಿನಲ್ಲಿದೆ. ಆದರೆ ಕಪ್ಪುಹಲಗೆಯ ಹತ್ತಿರ ಬರುವ ಹೊತ್ತಿಗೆ ಅದು ‘ಈ ಕಥೆಯ ಸಂದೇಶವೇನು?’ ಎಂಬ ಒಂದು ಪ್ರಶ್ನೆಯಾಗಿ ಉಳಿಯುತ್ತದೆ.

ಅಮೆರಿಕದ ಸಾಹಿತ್ಯ ಶಿಕ್ಷಕಿ ಲೂಯೀಸ್ ರೋಸೆನ್‌ಬ್ಲಾಟ್ 1938ರಷ್ಟು ಹಿಂದೆಯೇ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್’ ಎಂಬ ಪುಸ್ತಕದಲ್ಲಿ ಈ ತೊಡಕನ್ನು ಕೈಗೆತ್ತಿಕೊಂಡಿದ್ದರು. ಅರ್ಥ ಎಂಬುದು ಪುಸ್ತಕದೊಳಗೆ ಗಂಟು ಕಟ್ಟಿಟ್ಟಿರುವ ವಸ್ತುವಲ್ಲ, ಓದುವವರ ಬದುಕೂ ಬರೆದ ಮಾತೂ ಕೂಡಿದಾಗ ಹುಟ್ಟುವಂಥದು ಎಂಬುದು ಅವರ ವಿಚಾರ. ಹಾಗೆಂದು ಯಾರಿಗೆ ಏನು ತೋಚಿದರೂ ಸರಿ ಎಂದು ಅವರು ಹೇಳಲಿಲ್ಲ. ಬರೆದ ಮಾತು ಆ ಅನಿಸಿಕೆಯನ್ನು ತಾಳಿಕೊಳ್ಳಬೇಕು ಎಂದರು. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಂಡು ಪಾಠ ಮಾಡಲು ಆಗುತ್ತದೆಯೇ ಎಂದು ನೋಡುವ ಆಸೆ ನನಗಿತ್ತು. ಇಂಟರ್ನ್‌ಶಿಪ್‌ನಲ್ಲಿ ಪೂರಕ ಓದಿಗೆಂದು ಒಂದು ಅವಧಿ ಸಿಕ್ಕಾಗ ತ್ರಿವೇಣಿಯವರ ‘ಶರಪಂಜರ’ವನ್ನು ಆರಿಸಿಕೊಂಡೆ.

ಆರಿಸಿಕೊಂಡದ್ದಕ್ಕೆ ನನ್ನದೇ ಕಾರಣವಿತ್ತು. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ತ್ರಿವೇಣಿ, ಮನಸ್ಸಿನ ಕಾಯಿಲೆಯನ್ನು ಮನೆಮನೆಯ ಓದಿಗೆ ತಂದವರು. ಕಾವೇರಿಯನ್ನು ಹೆಚ್ಚಿನವರು ಬಲ್ಲದ್ದು ಪುಟ್ಟಣ್ಣ ಕಣಗಾಲರ 1971ರ ಚಿತ್ರದ ಕಲ್ಪನಾ ಅವರ ಮೂಲಕ. ಹೆರಿಗೆಯಾದ ಮೇಲೆ ಮನಸ್ಸಿನ ಆರೋಗ್ಯ ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುವ ಕಾವೇರಿಯನ್ನು ಮನೆಯವರು ಮತ್ತೆ ಹಳೆಯ ಕಾವೇರಿಯಾಗಿ ನೋಡುವುದೇ ಇಲ್ಲ. ಪಿಯುಸಿಯಲ್ಲಿ ಓದಿದಾಗ ನನಗೆ ಅವಳ ಗಂಡನ ಮೇಲೆ ಮಾತ್ರ ಸಿಟ್ಟು ಬಂದಿತ್ತು. ಈ ಸಲ ಪಾಠಕ್ಕೆಂದು ಓದುವಾಗ ಕಣ್ಣು ಬೇರೆ ಕಡೆ ಹೋಯಿತು. ನಮ್ಮ ನೆಂಟರಲ್ಲೊಬ್ಬರಿಗೆ ಬಾಣಂತಿ ಸನ್ನಿ ಆಗಿತ್ತು. ಗುಣವಾಗಿ ಎಷ್ಟೋ ವರ್ಷಗಳಾದವು. ಇವತ್ತಿಗೂ ಅವರು ಯಾವುದಕ್ಕಾದರೂ ದನಿ ಏರಿಸಿದರೆ ಮನೆಯವರು ಕೇಳುವುದು, “ಮಾತ್ರೆ ತಗೊಂಡ್ಯಾ?” ಎಂದು. ಅವರ ಮಾತಿಗೆ ಉತ್ತರ ಸಿಗುವುದಿಲ್ಲ. ಎರಡನೆಯ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸುತ್ತಲಿನವರ ಇಂಥ ಸಣ್ಣ ಸಣ್ಣ ಮಾತುಗಳು, ನೋಟಗಳು. ಗಂಡನೊಬ್ಬನೇ ಅಲ್ಲ.

ವಿಜಯನಗರದ ಒಂದು ಪ್ರೌಢಶಾಲೆ, 9ನೆಯ ತರಗತಿ, 36 ಮಕ್ಕಳು, 40 ನಿಮಿಷ. ಕಾವೇರಿ ಮನೆಗೆ ಮರಳಿದ ಮೇಲಿನ ಎರಡು ಪುಟಗಳ ಜೆರಾಕ್ಸ್ ಕೊಟ್ಟು, ಗಟ್ಟಿಯಾಗಿ ಓದಿದೆ. ಓದು ಮುಗಿಯುತ್ತಲೇ ಒಬ್ಬ ಹುಡುಗ “ನಿಮ್ಹಾನ್ಸ್ ಕೇಸು” ಅಂದ. ಹಿಂದಿನ ಬೆಂಚು ನಕ್ಕಿತು. ಬೆಂಗಳೂರಿನಲ್ಲಿ ಇದು ದಿನಬಳಕೆಯ ಬೈಗುಳ. 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರು ಪಡೆದ, ಹೆರಿಗೆಯ ನಂತರ ಕಾಯಿಲೆ ಬಿದ್ದ ತಾಯಿಗೂ ಅವಳ ಮಗುವಿಗೂ ಒಟ್ಟಿಗೆ ಆರೈಕೆ ಕೊಡುವ ವಿಭಾಗವಿರುವ ಆಸ್ಪತ್ರೆ, ನಮ್ಮ ಬಾಯಲ್ಲಿ ಬೈಗುಳವಾಗಿದೆ. ಇದನ್ನು ಹೇಳಿ ಬುದ್ಧಿವಾದ ಮಾಡಬಹುದಿತ್ತು. ಅದರ ಬದಲು ಆ ಹುಡುಗನನ್ನೇ ಕೇಳಿದೆ: “ಅವಳಿಗೆ ಹುಚ್ಚು ಅಂತ ನಿನಗೆ ಅನ್ನಿಸಿದ್ದು ಈ ಪುಟದಲ್ಲಿ ಎಲ್ಲಿ?”

ಅವನು ಹಾಳೆ ತಿರುಗಿಸಿದ, ಮತ್ತೆ ಹಿಂದಕ್ಕೆ ಬಂದ. ಸ್ವಲ್ಪ ಹೊತ್ತಾದ ಮೇಲೆ, “ಬೇರೆಯವರು ಹಂಗೆ ಅನ್ಕೊಂಡಿದಾರೆ ಮಿಸ್. ಅವಳು ಸರಿಯಾಗೇ ಮಾತಾಡ್ತಿದಾಳೆ” ಅಂದ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು: “ಅವಳಿಗೆ ವಾಸಿ ಆಗಿದೆ ಮಿಸ್, ಮನೆಯವರಿಗೆ ಆಗಿಲ್ಲ.” ಇನ್ನೊಬ್ಬ ಒಪ್ಪಲಿಲ್ಲ. “ಮನೇಲಿ ಮಕ್ಕಳಿರ್ತಾರೆ, ಅವರಿಗೂ ಭಯ ಇರುತ್ತಲ್ವಾ ಮಿಸ್?” ಎಂದ. ಆ ಭಯ ಎಲ್ಲಿ ಕಾಣುತ್ತದೆ ಎಂದು ಅವನನ್ನೂ ಕೇಳಿದೆ. ಅವನು ಒಂದು ಸಾಲು ತೋರಿಸಿದ. ಅಲ್ಲಿಂದ ತರಗತಿ ಎರಡು ಪಕ್ಷವಾಯಿತು. ಎರಡೂ ಪಕ್ಷದ ಬೆರಳು ಹಾಳೆಯ ಮೇಲಿತ್ತು. ಸರಿ ಯಾವುದೆಂದು ನಾನು ತೀರ್ಪು ಕೊಡಲಿಲ್ಲ.

ಜನಪ್ರಿಯ ಕಾದಂಬರಿಯಿಂದ ಈ ಕೆಲಸ ಹೆಚ್ಚು ಸುಲಭ ಎಂದು ನನಗನ್ನಿಸುತ್ತದೆ. ಹಳಗನ್ನಡ ಪದ್ಯದ ಮುಂದೆ ಮಗು ನಮ್ಮ ಮುಖ ನೋಡುತ್ತದೆ, ನಾವು ಹೇಳುವ ಭಾವಾರ್ಥಕ್ಕೆ ಕಾಯುತ್ತದೆ. ತ್ರಿವೇಣಿಯ ಮುಂದೆ ಅದಕ್ಕೆ ನಮ್ಮ ಅಪ್ಪಣೆ ಬೇಕಾಗಿಲ್ಲ, ಅಭಿಪ್ರಾಯ ಆಗಲೇ ತಯಾರಾಗಿರುತ್ತದೆ. ಆ ಅಭಿಪ್ರಾಯವನ್ನು ಪುಟಕ್ಕೆ ಕರೆದುಕೊಂಡು ಹೋಗುವುದಷ್ಟೇ ನಮ್ಮ ಕೆಲಸ. ಒಮ್ಮೆ ಆ ದಾರಿ ರೂಢಿಯಾದರೆ ಪಂಪನ ಪದ್ಯದ ಮುಂದೆಯೂ ಅದೇ ಮಗು ಬಾಯಿ ಬಿಡಬಹುದು.

ಇನ್ನೊಂದು ವಿಷಯವನ್ನು ಈ ಪಾಠದಿಂದಲೇ ಕಲಿತೆ. ನಾಲ್ಕೈದು ಮಕ್ಕಳು ಇಡೀ ಅವಧಿ ಮಾತಾಡಲಿಲ್ಲ. ಅವರಲ್ಲಿ ಒಬ್ಬಳು ಜೆರಾಕ್ಸ್ ಹಾಳೆಯನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟು ಕೈಕಟ್ಟಿ ಕುಳಿತಿದ್ದಳು. ಕೊನೆಯಲ್ಲಿ, ಅನಿಸಿದ್ದನ್ನು ಚೀಟಿಯಲ್ಲಿ ಬರೆಯಿರಿ, ಹೆಸರು ಬೇಡ, ಬರೆಯಲೇಬೇಕೆಂದೂ ಇಲ್ಲ ಎಂದೆ. ಕೆಲವು ಚೀಟಿ ಖಾಲಿ ಬಂದವು. ಬೆಲ್ ಆದ ಮೇಲೆ ಕೈಕಟ್ಟಿ ಕುಳಿತಿದ್ದವಳು ಬಂದು, “ಪೂರ್ತಿ ಪುಸ್ತಕ ಎಲ್ಲಿ ಸಿಗುತ್ತೆ ಮಿಸ್?” ಎಂದಷ್ಟೇ ಕೇಳಿದಳು. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳು ಎಂದೆ. ಯಾಕೆ ಎಂದು ನಾನು ಕೇಳಲಿಲ್ಲ.

ವೀಕ್ಷಣಾ ನಮೂನೆಯ ‘ವಿದ್ಯಾರ್ಥಿಗಳ ಸಹಭಾಗಿತ್ವ’ ಎಂಬ ಕಾಲಂನಲ್ಲಿ ‘ಕೆಲವರು ಭಾಗವಹಿಸಲಿಲ್ಲ’ ಎಂದು ದಾಖಲಾಯಿತು. ಅದು ನಿಜವೇ. ಆದರೆ ಆ ಹುಡುಗಿಯ ಪ್ರಶ್ನೆಯನ್ನು ಯಾವ ಕಾಲಂನಲ್ಲಿ ಬರೆಯುವುದು? ಫ್ರೆಂಚ್ ಶಿಕ್ಷಕ, ಕಾದಂಬರಿಕಾರ ದನಿಯೆಲ್ ಪೆನ್ನಾಕ್ 1992ರಲ್ಲಿ ಓದುಗರ 10 ಹಕ್ಕುಗಳನ್ನು ಪಟ್ಟಿ ಮಾಡಿದರು. ಮೊದಲನೆಯದು ಓದದೇ ಇರುವ ಹಕ್ಕು, ಹತ್ತನೆಯದು ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ‘ನಿಮ್ಮ ಮನೆಯಲ್ಲಿ ಹೀಗೆ ಆಗಿದೆಯೇ?’ ಎಂದು 36 ಮಕ್ಕಳ ಎದುರು ಕೇಳಿದರೆ ಅದು ರಸಗ್ರಹಣವಲ್ಲ, ವಿಚಾರಣೆ. ‘ಪುಟದಲ್ಲಿ ಎಲ್ಲಿ?’ ಎಂಬ ಪ್ರಶ್ನೆಗೆ ಇಲ್ಲಿ ಇನ್ನೊಂದು ಗುಣವೂ ಇದೆ. ತನ್ನ ಮನೆಯ ಸಂಗತಿಯನ್ನು ಹೊರಗೆ ಹಾಕದೆಯೇ, ಕಾವೇರಿಯ ಹೆಸರಿನಲ್ಲಿ ಮಗು ತನ್ನ ಮಾತನ್ನು ಆಡಬಹುದು.

ಮುಂದಿನ ತಂಡದ ಗೆಳೆಯರಿಗೆ ನನ್ನ ಸಲಹೆ ಇಷ್ಟು. ಪಾಠಕ್ಕೆ ಮುಂಚೆ ಆ ಪುಟಗಳ ಬಗ್ಗೆ ನಿಮಗನ್ನಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ತರಗತಿಯಲ್ಲಿ ಅದನ್ನು ಹೇಳಬೇಡಿ. ಮಕ್ಕಳ ಅನಿಸಿಕೆ ಕೇಳಿದಾಗಲೆಲ್ಲ ಅದರ ಸಾಲನ್ನೂ ಕೇಳಿ. ಖಾಲಿ ಚೀಟಿಗೆ ಅಂಕ ಕಳೆಯಬೇಡಿ. ಮಾರ್ಗದರ್ಶಕರಲ್ಲಿ ವಿನಂತಿಯೂ ಒಂದಿದೆ: ಸಾಹಿತ್ಯ ಪಾಠದ ವೀಕ್ಷಣೆಯಲ್ಲಿ ಎಷ್ಟು ಕೈ ಮೇಲೆದ್ದವು ಎಂದು ಎಣಿಸುವ ಜೊತೆಗೆ, ಎಷ್ಟು ಮಕ್ಕಳು ಹಾಳೆ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಓದಿದರು ಎಂಬುದನ್ನೂ ಗಮನಿಸಿ.