ಅರವತ್ತೊಂದು ಹುಣಸೆಬೀಜ

61 ಹುಣಸೆಬೀಜ ಎಣಿಸಿ ಕಟ್ಟೆಯ ಮೇಲೆ ಹರವಿಕೊಳ್ಳಿ. ಎರಡು, ಮೂರು, ಐದು, ಏಳು, ಎಷ್ಟರ ಸಾಲು ಹಚ್ಚಿದರೂ ಬೀಜ ಮಿಕ್ಕೇ ಮಿಗುತ್ತದೆ. ಏಳರ ಆಚೆ ನೋಡುವ ಕೆಲಸವಿಲ್ಲ. ಎಂಟೆಂಟ್ಲೆ ಅರವತ್ನಾಲ್ಕು, ಆಗಲೇ 61 ದಾಟಿತು. ಇದು ಅವಿಭಾಜ್ಯ. ಆದರೆ ಒಂದೇ ಗುಂಪಿನ ಹಟ ಬಿಟ್ಟು ಎರಡು ಚೌಕ ಮಾಡಿ ನೋಡಿ: ಐದೈದ್ಲೆ 25, ಆರಾರ್ಲೆ 36. ಒಂದು ಬೀಜವೂ ಉಳಿಯುವುದಿಲ್ಲ! ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಪ್ರತಿಯೊಂದು ಅವಿಭಾಜ್ಯಕ್ಕೂ ಈ ಗುಣವಿದೆ. ಮೂರು ಉಳಿಯುವ 67ರಂಥವಕ್ಕೆ ಎಂದೂ ಇಲ್ಲ. ಎಷ್ಟು ಸಲ ಜೋಡಿಸಿದರೂ ನನಗೆ ಈ ಬೆರಗು ಹಳತಾಗಿಲ್ಲ.

61, 67 ಎರಡನ್ನೂ ಒಂದೇ ಶ್ಲೋಕದಲ್ಲಿ ತಂದವನು ಭಾಸ್ಕರಾಚಾರ್ಯ. ತನ್ನೂರು ವಿಜ್ಜಡವಿಡ ಎಂದು ಬರೆದುಕೊಂಡ. ಅದು ನಮ್ಮ ವಿಜಾಪುರವೇ ಎನ್ನುತ್ತಾರೆ ಈ ಕಡೆಯವರು, ಚಾಳೀಸಗಾಂವದ ಹತ್ತಿರದ್ದು ಎನ್ನುತ್ತಾರೆ ಮಹಾರಾಷ್ಟ್ರದವರು. ವಾದ ಅತ್ತ ಇರಲಿ, ಅವನ ಲೆಕ್ಕಕ್ಕೆ ಬರೋಣ. ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿದರೆ ಮತ್ತೆ ವರ್ಗವೇ ಬರುತ್ತದೆ? ಕೇಳಲು ಸಣ್ಣ ಪ್ರಶ್ನೆ. ಅವನ ‘ಬೀಜಗಣಿತ’ ಗ್ರಂಥದ ಚಕ್ರವಾಳವೆಂಬ ವಿಧಾನದಲ್ಲಿ 8ರ ವರ್ಗದಿಂದ ಹೊರಡಬೇಕು: 64ರಲ್ಲಿ 61 ಕಳೆದರೆ 3. ಒಂದು ಸುತ್ತು ತಿರುಗಿಸಿದರೆ 39 ಮತ್ತು 5 ಸಿಗುತ್ತವೆ. 39ರ ವರ್ಗ 1521. 5ರ ವರ್ಗದ 61 ಪಟ್ಟು 1525. ನಾಲ್ಕೇ ಕಡಿಮೆ. ಅಲ್ಲಿಂದ ಅವನಿಗೂ ಹಿಂದಿನ ಗಣಿತಜ್ಞ ಬ್ರಹ್ಮಗುಪ್ತನ ಕೂಡಿಸುವ ದಾರಿ ಹಿಡಿದರೆ ಉತ್ತರ ಬರುತ್ತದೆ: 226153980. ಇದಕ್ಕಿಂತ ಚಿಕ್ಕ ಉತ್ತರವಿಲ್ಲ. 67ಕ್ಕಾದರೋ 5967 ಸಾಕು.

ಮಮದಾಪುರದ ದೊಡ್ಡಕೆರೆಯ ಏರಿ ಮೇಲೆ ಕೂತಾಗ ಈ ಲೆಕ್ಕದ ಮುಂದಿನ ಕಥೆ ನೆನಪಾಗುತ್ತದೆ. ಕೆರೆ ಕಟ್ಟಿಸಿದ ವಿಜಾಪುರದ ದೊರೆ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಮರುವರ್ಷವೇ ಫ್ರಾನ್ಸಿನ ಫರ್ಮಾ, ಭಾಸ್ಕರನ ಸುದ್ದಿಯೇ ಗೊತ್ತಿಲ್ಲದೆ, ಅದೇ 61ರ ಪ್ರಶ್ನೆಯನ್ನು ತನ್ನ ಕಾಲದ ಗಣಿತಜ್ಞರ ಮುಂದಿಟ್ಟ. ಐದು ಶತಮಾನ ಕಳೆದಿತ್ತು.

61, 67ರ ಜೋಡಿಗೆ ಇನ್ನೊಂದು ಪರೀಕ್ಷೆಯೂ ಕಾದಿತ್ತು. ಒಂದು ಬೀಜವನ್ನು 61 ಸಲ ದುಪ್ಪಟ್ಟು ಮಾಡಿ, ಒಂದನ್ನು ತೆಗೆದಿಟ್ಟರೆ 2305843009213693951. ಇಷ್ಟು ಬೀಜವನ್ನು ಸಮಸಾಲಿನಲ್ಲಿ ಹಚ್ಚಬಹುದೇ? 1644ರಲ್ಲಿ ಮೆರ್ಸೆನ್ ಎಂಬ ಪಾದ್ರಿ ಹೀಗೆ ಅವಿಭಾಜ್ಯ ಕೊಡುವ ಘಾತಗಳ ಪಟ್ಟಿ ಮಾಡಿದ. ಅದರಲ್ಲಿ 67 ಇತ್ತು, 61 ಇರಲಿಲ್ಲ. ಬರೆಯುವಾಗ ಒಂದಕ್ಕೊಂದು ಅದಲುಬದಲಾಯಿತೋ ಏನೋ ಎಂದು ಊಹಿಸಿದವರಿದ್ದಾರೆ. 1883ರಲ್ಲಿ ರಷ್ಯಾದ ಪೆರ್ವುಶಿನ್, ಅವನೂ ಪಾದ್ರಿಯೇ, ಆ 19 ಅಂಕಿಯ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದ. ಯಂತ್ರವಿಲ್ಲ, ಬರೀ ಕೈಲೆಕ್ಕ. ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

67ರ ಸಂಖ್ಯೆ ಮಾತ್ರ ಒಡೆಯಿತು. ಅದು ಒಡೆಯುತ್ತದೆಂದು 1876ರಲ್ಲೇ ಫ್ರಾನ್ಸಿನ ಗಣಿತಜ್ಞ ಲೂಕಾ ಹೇಳಿದ್ದ, ಆದರೆ ಎಲ್ಲಿ ಒಡೆಯುತ್ತದೆಂದು ತಿಳಿದಿರಲಿಲ್ಲ. ತೋರಿಸಿದವನು ಅಮೆರಿಕದ ಕೋಲ್, 1903ರಲ್ಲಿ. ಕಾಗದ ಪೆನ್ಸಿಲ್ ಹಿಡಿದು ಗುಣಿಸಿ ನೋಡುವವರಿಗೆ ಅದರ ಎರಡು ಅಪವರ್ತನಗಳು ಇಲ್ಲಿವೆ: 193707721 ಮತ್ತು 761838257287.