ಪೆಟ್ಟಿಗೆಯಲ್ಲಿಟ್ಟ ಆಟಗಾರರು

ಕೆಲವರಿಗೆ ಅಂಚೆಚೀಟಿಯ ಹುಚ್ಚು, ಕೆಲವರಿಗೆ ಹಳೆಯ ನಾಣ್ಯದ ಹುಚ್ಚು. ನಮ್ಮ ಮನೆಯ ಹುಚ್ಚು ಇಸ್ಪೀಟಿನ ಎಲೆಗಿಂತ ದೊಡ್ಡದಲ್ಲ. ನನ್ನ ತಂದೆಯವರು ಹುಡುಗರಾಗಿದ್ದಾಗ, 1987ರ ವಿಶ್ವಕಪ್ಪಿನ ಸುಮಾರಿನಲ್ಲಿ, ಕೈಗೆ ಬಂದ ಕಾಸನ್ನೆಲ್ಲ ಬಬಲ್‌ಗಮ್ಮಿಗೆ ಸುರಿದು, ಅದರೊಡನೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳನ್ನು ಕೂಡಿಹಾಕಿದ್ದರು. ನಾನು ಕಾಲೇಜು ಸೇರಿದ ವರ್ಷ ಆ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿತ್ತು, "ಇನ್ನು ನೀನು ನೋಡಿಕೊಳ್ಳಪ್ಪ" ಎಂದರು.

ಆ ದಿನಗಳಲ್ಲೇ ನಾನೊಂದು ಸುದ್ದಿ ಓದಿದ್ದೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲನ 1952ರ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಗಿತ್ತು! ಮೂಲೆ ಮುಕ್ಕಾಗದೆ, ಬಣ್ಣ ಮಾಸದೆ ಉಳಿದುದೇ ಅದರ ಭಾಗ್ಯ. ನನ್ನ ತಲೆ ತಿರುಗಲು ಇಷ್ಟು ಸಾಕಾಯಿತು. ಅಗ್ಗದ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮಿನಲ್ಲಿ ಅರ್ಧ ಕಾರ್ಡುಗಳನ್ನು ತುಂಬಿದೆ. ಉಳಿದವಕ್ಕೆ ರಬ್ಬರ್‌ಬ್ಯಾಂಡ್ ಬಿಗಿದೆ. ನಾಲ್ಕು ನುಸಿಗುಳಿಗೆ ಎಸೆದು, ಟ್ರಂಕಿಗೆ ಬೀಗ ಜಡಿದು ಅಟ್ಟಕ್ಕೇರಿಸಿದೆ. ತಂಗಿ ಬೇಡಿಕೊಂಡರೂ ತೋರಿಸಲಿಲ್ಲ. ತಂದೆಯವರೇ ಒಮ್ಮೆ ಕೇಳಿದಾಗಲೂ, "ಬೇಡಪ್ಪ, ಬೆರಳಿನ ಬೆವರು ತಗಲುತ್ತದೆ" ಎಂದುಬಿಟ್ಟೆ.

ನಮ್ಮದು ಮಲೆನಾಡು. ಎರಡು ಮಳೆಗಾಲ ಕಳೆದ ಮೇಲೆ ಬೀಗ ತೆಗೆದರೆ ಬೂಷ್ಟಿನ ವಾಸನೆ. ಆಲ್ಬಮಿನ ಹಾಳೆ ಎತ್ತಿದೊಡನೆ ಆಟಗಾರರ ಮುಖಗಳು ಪ್ಲಾಸ್ಟಿಕ್ಕಿಗೆ ಅಂಟಿ ಬಂದವು. ರಬ್ಬರ್ ಕರಗಿ ಅಂಚಿನೊಳಗೆ ಇಳಿದಿತ್ತು. ಅನಂತರ ಓದಿ ತಿಳಿದೆ: ಪಿ.ವಿ.ಸಿ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ದ್ರವ್ಯ ಕಾಲಕ್ರಮದಲ್ಲಿ ಹೊರಬಂದು ಅಚ್ಚಿನ ಬಣ್ಣವನ್ನು ಕೀಳುತ್ತದೆ; ನುಸಿಗುಳಿಗೆಯ ಆವಿಯೂ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ; ಮುಚ್ಚಿದ ಟ್ರಂಕಿನಲ್ಲಿ ಒಳಹೊಕ್ಕ ತೇವಕ್ಕೆ ಹೊರದಾರಿಯಿಲ್ಲ.

ತಂದೆಯವರು ಬೈಯಲಿಲ್ಲ. "ನಾನು ಕೇಳಿದ ದಿನ ತೋರಿಸಿದ್ದರೆ ಇಬ್ಬರಿಗೂ ಗೊತ್ತಾಗುತ್ತಿತ್ತಲ್ಲೋ" ಎಂದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಅಮೆರಿಕದ ಜೆಫರ್ಸನ್ ಬರ್ಡಿಕ್ ಎಂಬಾತನ ಸಂಗ್ರಹದಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೆ ಮೇಲಿದ್ದವು. ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟು, ಸಂಧಿವಾತದಿಂದ ಸೊಟ್ಟಾದ ಕೈಗಳಿಂದಲೇ ಕಾರ್ಡುಗಳನ್ನು ಆಲ್ಬಮುಗಳಿಗೆ ಅಂಟಿಸಿದ. 1963ರಲ್ಲಿ ಕೆಲಸ ಮುಗಿಸಿ ಅದೇ ವರ್ಷ ತೀರಿಕೊಂಡ. ಅಂಟು ತಗಲಿದ ಕಾರ್ಡಿಗೆ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ಆದರೆ ಆತ ಕೂಡಿಟ್ಟದ್ದು ನಾಲ್ಕು ಜನ ನೋಡಲೆಂದು.

ಉಳಿದ ಕಾರ್ಡುಗಳು ಈಗ ಪಾಲಿಪ್ರೊಪಿಲೀನ್ ಲಕೋಟೆಗಳಲ್ಲಿ, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ, ಬಿಸಿಲು ಬೀಳದ ಒಳಕೋಣೆಯ ಬೀರುವಿನಲ್ಲಿ ನೆಟ್ಟಗೆ ನಿಂತಿವೆ. ತೇವ ಹೀರಲು ಸಿಲಿಕಾ ಜೆಲ್ಲಿನ ಪೊಟ್ಟಣವಿದೆ, ಬೀಗವಿಲ್ಲ. ಮಳೆ ಹಿಂದೆಗೆದ ಮೇಲೆ, ಆಯುಧಪೂಜೆಯ ದಿನ, ಮೂವರೂ ಕೈ ತೊಳೆದು ಒರೆಸಿಕೊಂಡು ಚಾಪೆಯ ಮೇಲೆ ಅವನ್ನು ಹರಡುತ್ತೇವೆ. ಪ್ರತಿಯೊಂದು ಕಾರ್ಡಿಗೂ ತಂದೆಯವರ ಬಳಿ ಒಂದು ಕಥೆಯುಂಟು. ಮುಖ ಕಳೆದುಕೊಂಡವಕ್ಕೂ ಉಂಟು.

"ನೋಡಿಕೊ" ಎಂದರೆ ಕಾಪಾಡು ಎಂದಷ್ಟೇ ತಿಳಿದಿದ್ದೆ. ನೋಡು ಎಂಬ ಮಾತೂ ಅದರಲ್ಲಿಯೇ ಇತ್ತು.